ಮಾಗಡಿ ರಸ್ತೆಯಲ್ಲಿ ಬಂದವರು

2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲೆಂದು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಬಂದರು. ಟಿಕೆಟ್ ಕೈಯಲ್ಲೇ ಇತ್ತು. ಪಂಚೆ ಉಟ್ಟವರನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ವಿಡಿಯೊ ಊರೆಲ್ಲ ಹರಿದಾಡಿತು. ಜನ ಪಂಚೆ ಉಟ್ಟುಕೊಂಡೇ ಬಂದು ಮಾಲ್ ಮುಂದೆ ಕೂತರು. ಏಳು ದಿನ ಅದನ್ನು ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಬೇಕಾಯಿತು.

ಆ ಸುದ್ದಿ ಓದಿದ ದಿನ ನನ್ನನ್ನು ಚುಚ್ಚಿದ್ದು ಜಾಗದ ಹೆಸರು. ಪಂಚೆಗೆ ಬಾಗಿಲು ಹಾಕಲೇಬಾರದ ರಸ್ತೆ ಬೆಂಗಳೂರಿನಲ್ಲಿ ಒಂದಿದ್ದರೆ ಅದು ಮಾಗಡಿ ರಸ್ತೆ. ಹೆಗಲಿಗೆ ಟವಲು, ಕೈಯಲ್ಲೊಂದು ಬಟ್ಟೆಗಂಟು ಹಿಡಿದು, ಪಂಚೆಯನ್ನು ಮಂಡಿ ಮೇಲಕ್ಕೆ ಎತ್ತಿ ಕಟ್ಟಿಕೊಂಡು ನಡೆದು ಬಂದ ಜನವೇ ನೂರು ವರ್ಷ ಈ ಭಾಗದ ಮಿಲ್ಲುಗಳನ್ನು ನಡೆಸಿದರು. ನಗರ ಅವರನ್ನು ಎಷ್ಟು ಸಲೀಸಾಗಿ ಮರೆಯಿತು ಎಂಬ ಸಂಕಟಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಮಾಗಡಿ ರಸ್ತೆಯ ಪೂರ್ವದ ತುದಿ ಸಿಟಿ ರೈಲು ನಿಲ್ದಾಣದ ಬೆನ್ನಿಗಿದೆ. ಅಲ್ಲೇ ಟ್ಯಾಂಕ್ ಬಂಡ್ ರಸ್ತೆ. ಟ್ಯಾಂಕ್ ಎಂದರೆ ಧರ್ಮಾಂಬುಧಿ ಕೆರೆ. ಆ ಕೆರೆಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ಸುಗಳು ನಿಲ್ಲುತ್ತವೆ. ಕೆರೆ ಹೋಗಿ ಏರಿಯ ಹೆಸರು ಮಾತ್ರ ಉಳಿದಿದೆ. ಒಂದು ಕಡೆ ಕಾಟನ್‌ಪೇಟೆ, ಬಿನ್ನಿಪೇಟೆ. ರಸ್ತೆಯ ಉದ್ದಕ್ಕೂ ಗೋಪಾಲಪುರ, ಕೆಂಪಾಪುರ ಅಗ್ರಹಾರ, ಚೋಳೂರಪಾಳ್ಯ, ಟೋಲ್‌ಗೇಟು. ರೈಲು ಹಳಿ ದಾಟಿ ಬಡಗಲಿಗೆ ಹೋದರೆ ಓಕಳಿಪುರ, ಶ್ರೀರಾಮಪುರ. ಇವೆಲ್ಲ ಬೇರೆ ಬೇರೆ ವಾರ್ಡುಗಳೇ ಇರಬಹುದು, ಕತೆ ಮಾತ್ರ ಒಂದೇ. ಬರಗಾಲದ ಹಳ್ಳಿಗೂ ನಗರದ ಯಂತ್ರಕ್ಕೂ ನಡುವೆ ಇದ್ದ ಹೊಸ್ತಿಲು ಇವು.

ಕತೆ ಬರದಿಂದಲೇ ಶುರುವಾಗಬೇಕು. ಹಳೇ ಮೈಸೂರಿನ ಅಜ್ಜಿಯರು ‘ಧಾತು ಈಶ್ವರ ಬರ’ ಎನ್ನುತ್ತಿದ್ದದ್ದು 1876ರಿಂದ 78ರವರೆಗಿನ ಆ ಎರಡು ಸಂವತ್ಸರಗಳನ್ನು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬದುಕಿ ಉಳಿದವರಲ್ಲಿ ನೆಲವಿಲ್ಲದವರಿಗೆ, ಜೀತಕ್ಕಿದ್ದವರಿಗೆ, ಮಗ್ಗ ಮಾರಿಕೊಂಡವರಿಗೆ ಊರಲ್ಲಿ ನಿಲ್ಲಲು ಕಾರಣವೇ ಇರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ, 1880ರ ದಶಕದ ಮೊದಲಲ್ಲಿ, ಬೆಂಗಳೂರಿನಿಂದ ಮೈಸೂರಿಗೂ ತುಮಕೂರಿಗೂ ರೈಲು ಓಡತೊಡಗಿತು. 1884ರಲ್ಲಿ ಉಣ್ಣೆ ಗಿರಣಿಯೊಂದು ಶುರುವಾಗಿ 1886ರಲ್ಲಿ ಮದರಾಸಿನ ಬಿನ್ನಿ ಕಂಪನಿಯ ಕೈ ಸೇರಿತು. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದನೆಯ ಹೆಸರು ಕಾಗದದಲ್ಲಿ ಮಾತ್ರ ಇತ್ತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್ಲು. ಮಲ್ಲೇಶ್ವರದ ಅಂಚಿನಲ್ಲಿ ಮೈಸೂರು ಸ್ಪಿನ್ನಿಂಗ್ ಮಿಲ್ಲು ಬಂತು, ಅದು ಜನರಿಗೆ ರಾಜಾ ಮಿಲ್ಲು. ಆಮೇಲೆ ಗೋಪಾಲಪುರದ ಬಳಿ ಮಿನರ್ವ. ಮೂರು ಮಿಲ್ಲು, ಮೂರು ಚಿಮಣಿ, ಮೂರು ಸೈರನ್ನು.

ಬಂದವರು ಯಾರು? ಮಾಗಡಿ, ಕುಣಿಗಲ್, ರಾಮನಗರದ ಕಡೆಯ ಒಕ್ಕಲು ಮಕ್ಕಳು, ದಲಿತರು. ಆರ್ಕಾಟಿನ ಕಡೆಯಿಂದ ತಮಿಳು ಮಾತಾಡುವ ಕೂಲಿಗಳು. ತೆಲುಗಿನವರು, ಮರಾಠಿ ಮನೆಮಾತಿನವರು, ಉರ್ದು ಮಾತಾಡುವ ನೇಕಾರರು, ದೇವಾಂಗದವರು, ಪದ್ಮಶಾಲಿಗಳು. ಹಳ್ಳಿಯಲ್ಲಿ ಒಬ್ಬರ ಕೇರಿಗೆ ಒಬ್ಬರು ಕಾಲಿಡದಿದ್ದ ಜನ ಇಲ್ಲಿ ಒಂದೇ ಯಂತ್ರದ ಎರಡು ಬದಿಗೆ ನಿಂತರು. ಜಾತಿ ಅಳಿದುಹೋಯಿತೆಂದು ನಾನು ಹೇಳುತ್ತಿಲ್ಲ, ಅದು ಅಳಿಯಲಿಲ್ಲ. ಬಾಡಿಗೆಗೆ ಮನೆ ಕೇಳುವಾಗ ‘ನೀವು ಯಾವ ಪೈಕಿ’ ಎಂಬ ಪ್ರಶ್ನೆ ಮೊದಲು ಬರುತ್ತಿತ್ತು, ಈಗಲೂ ಬರುತ್ತದೆ. ಆದರೂ ತಿಂಗಳ ಬಟವಾಡೆಯ ದಿನ ಒಂದೇ ಕಿಟಕಿಯ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುವುದು ಸಣ್ಣ ಸಂಗತಿಯಲ್ಲ.

ಬಟವಾಡೆ ಎಂಬ ಮಾತು ಈಗಿನ ಹುಡುಗರಿಗೆ ಗೊತ್ತಿಲ್ಲ. ಈ ಕೇರಿಗಳ ಪಂಚಾಂಗವೇ ಅದಾಗಿತ್ತು. ಅಂಗಡಿಯ ಬಾಕಿ, ಚೀಟಿ ಹಣ, ಮಗುವಿಗೆ ಚಪ್ಪಲಿ, ಊರಿಗೆ ಮನಿಯಾರ್ಡರು, ಎಲ್ಲಕ್ಕೂ ಬಟವಾಡೆಯ ದಿನವೇ ವಾಯಿದೆ. ಅವತ್ತು ಗೇಟಿನ ಹೊರಗೆ ಮೀಟರ್ ಬಡ್ಡಿಯವರು ಒಂದು ಕಡೆ, ಕಡಲೆಕಾಯಿ, ಬಟ್ಟೆ ಮಾರುವವರು ಇನ್ನೊಂದು ಕಡೆ. ಸಂಬಳ ಸಾರಾಯಿ ಅಂಗಡಿಯ ದಾರಿ ಹಿಡಿಯುವ ಮುಂಚೆ ಕೈಗೆ ತೆಗೆದುಕೊಳ್ಳಬೇಕೆಂದು ಸೊಂಟದ ಮೇಲೆ ಮಗು ಎತ್ತಿಕೊಂಡು ಕಾಯುವ ಹೆಂಗಸರು ನಡುವೆ. ಕಾಯಂ ಕೆಲಸಗಾರನ ಮನೆಯ ಮಾತಾಯಿತು ಇದು. ಅವನಿಗಿಂತ ಕೆಳಗೆ ಇದ್ದವನು ಬದಲಿ. ಯಾರಾದರೂ ಗೈರಾದರೆ ಅವತ್ತಿನ ಮಟ್ಟಿಗೆ ಅವನಿಗೆ ಕೆಲಸ. ಸೈರನ್ ಕೂಗುವ ಮುಂಚೆ ಬುತ್ತಿ ಕಟ್ಟಿಸಿಕೊಂಡು ಬಂದು ಗೇಟಿನಲ್ಲಿ ನಿಲ್ಲಬೇಕು, ಮೇಸ್ತ್ರಿ ಬೆರಳು ತೋರಿಸಿದರೆ ಒಳಗೆ, ಇಲ್ಲದಿದ್ದರೆ ಅದೇ ಬುತ್ತಿ ಹಿಡಿದು ಮನೆಗೆ. ಹೀಗೆ ಗೇಟಿನಲ್ಲೇ ವರ್ಷಗಟ್ಟಲೆ ಕಳೆದವರಿದ್ದರು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆ ಖಾಲಿಯಾಯಿತು. ಗಾಳಿ ಬೆಳಕು ಇರಬೇಕೆಂದು ಸರ್ಕಾರ ಕೆಲವು ವರ್ಷ ಮೊದಲೇ ಶುರುಮಾಡಿದ್ದ ಮಲ್ಲೇಶ್ವರ, ಬಸವನಗುಡಿಗಳನ್ನು ಅಡ್ಡರಸ್ತೆ, ಮುಖ್ಯರಸ್ತೆ, ಹಿಂದೊಂದು ಓಣಿ ಎಂದು ಅಚ್ಚುಕಟ್ಟಾಗಿ ಬೆಳೆಸಿತು. ಆ ನಿವೇಶನಗಳು ಮಿಲ್ಲಿನ ಕೂಲಿಗೆ ಎಟುಕುವಂಥವಲ್ಲ. ಕೂಲಿಗೆ ಸಿಕ್ಕಿದ್ದು ವಠಾರ. ಆರೋಗ್ಯದ ಹೆಸರಲ್ಲಿ ನಗರ ತನ್ನನ್ನು ಎರಡಾಗಿ ಸೀಳಿಕೊಂಡದ್ದು ಆಗ. ಹಳಿಯ ಒಂದು ಬದಿಗೆ ಮಲ್ಲೇಶ್ವರ, ಇನ್ನೊಂದು ಬದಿಗೆ ಶ್ರೀರಾಮಪುರ ಇರುವುದನ್ನು ಇವತ್ತಿಗೂ ಸೇತುವೆ ಮೇಲೆ ನಿಂತು ನೋಡಬಹುದು. ಪ್ಲೇಗಿಗೆ ಹೆದರಿದ ಬಡವರು ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿಕೊಂಡರು. ವರ್ಷಕ್ಕೊಮ್ಮೆ ನಗರದೇವತೆ ಅಣ್ಣಮ್ಮನನ್ನು ಬೀದಿಗೆ ಕರೆತಂದು ಕೂರಿಸಿ, ತಂಬಿಟ್ಟಿನ ಆರತಿ ಹೊತ್ತು, ತಮಟೆ ಬಡಿಸಿ ಕಳಿಸುವುದನ್ನು ಈ ಕೇರಿಗಳು ಇನ್ನೂ ಬಿಟ್ಟಿಲ್ಲ.

ವಠಾರವನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು. ಬೀದಿಯಿಂದ ಕಾಣುವುದು ಒಂದೇ ಬಾಗಿಲು. ಒಳಗೆ ಹೋದರೆ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಸಣ್ಣ ಓಣಿ. ಎರಡೂ ಕಡೆ ಒಂದೊಂದು ಕೋಣೆಯ ಮನೆಗಳು, ತಗ್ಗಿದ ಹೆಂಚಿನ ಮಾಡು, ಮೂಲೆಯಲ್ಲಿ ಒಲೆ, ಒಲೆಯ ಪಕ್ಕದಲ್ಲೇ ಬಚ್ಚಲ ಕಲ್ಲು, ಮೇಲೊಂದು ಅಟ್ಟ. ಓಣಿಯ ಕೊನೆಗೆ ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ಮಿಲ್ಲಿನ ಪಾಳಿ ಇದ್ದದ್ದರಿಂದ ಅಷ್ಟು ಸಣ್ಣ ಕೋಣೆ ಸಾಕಾಗುತ್ತಿತ್ತು. ಮೊದಲನೇ ಪಾಳಿಗೆ ಅಣ್ಣ ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿ ಮುಗಿಸಿದ ತಮ್ಮ ಬಂದು ಮಲಗುತ್ತಿದ್ದ. ಚಾಪೆ ತಣ್ಣಗಾಗುತ್ತಲೇ ಇರಲಿಲ್ಲ.

ಇನ್ನು ಆ ನಲ್ಲಿ. ನೀರು ಬಿಡುವ ಹೊತ್ತಿಗೆ ಕೊಡ, ಬಿಂದಿಗೆ, ತಗಡಿನ ಡಬ್ಬ ಸಾಲು ಕೂರುತ್ತಿದ್ದವು. ಜಗಳ ಆಗುತ್ತಿದ್ದದ್ದು ಅಲ್ಲೇ, ಸಂಬಂಧ ಕುದುರುತ್ತಿದ್ದದ್ದೂ ಅಲ್ಲೇ. ಈ ಭಾಗದ ಕನ್ನಡ ಹುಟ್ಟಿದ್ದು ನಲ್ಲಿಯ ಮುಂದೆ ಎಂದು ನನ್ನ ನಂಬಿಕೆ. ಮನೆಯೊಳಗೆ ತಮಿಳಿನಲ್ಲಿ ಮಗುವಿಗೆ ಲಾಲಿ ಹೇಳುವ ತಾಯಿ ನಲ್ಲಿಯ ಹತ್ತಿರ ಕನ್ನಡದಲ್ಲಿ ‘ನಮ್ದು ಮೂರನೇ ಬಿಂದಿಗೆ ಅಕ್ಕಾ’ ಎನ್ನುತ್ತಾಳೆ, ಶೆಟ್ಟರ ಅಂಗಡಿಯಲ್ಲಿ ತೆಲುಗಿಗೆ ತಿರುಗುತ್ತಾಳೆ. ಅವಳ ಮಗ ಕನ್ನಡ ಶಾಲೆಗೆ ಹೋಗಿ, ರಾಜಕುಮಾರ್ ಸಿನಿಮಾ ನೋಡಿ, ನವೆಂಬರಿನಲ್ಲಿ ಬೀದಿ ತುದಿಯ ಧ್ವಜಕಂಬಕ್ಕೆ ಹಳದಿ ಕೆಂಪು ಬಾವುಟ ಏರಿಸುತ್ತಾನೆ. ಆ ನೀರಿನದೂ ಒಂದು ಕತೆ. ಅರ್ಕಾವತಿಗೆ ಅಡ್ಡಲಾಗಿ ಮಾಗಡಿ ಕಡೆಯ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರದ ನೀರು 1933ರಿಂದ ನಗರಕ್ಕೆ ಬಂತು. ಮಾಗಡಿ ಸೀಮೆಯ ಜನ, ಮಾಗಡಿ ಸೀಮೆಯ ನೀರು, ಎರಡೂ ಒಂದೇ ದಿಕ್ಕಿನಿಂದ ಬಂದು ಬೆಂಗಳೂರಿಗೆ ಸಂದವು. 1974ರಲ್ಲಿ ಕಾವೇರಿ ಬರುವ ತನಕ ನಗರದ ಬಾಯಾರಿಕೆ ತಣಿಸಿದ್ದು ಹೆಚ್ಚಾಗಿ ಆ ದಿಕ್ಕೇ.

ಹಕ್ಕಿನ ಮಾತಿಗೆ ಬರೋಣ. ಮೈಸೂರು ಸಂಸ್ಥಾನವನ್ನು ಮಾದರಿ ರಾಜ್ಯವೆಂದು ಹೊಗಳುವಾಗ ನಾವು ಒಂದನ್ನು ಹೇಳುವುದಿಲ್ಲ: ಅಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಕಾನೂನಿನ ಹಕ್ಕು ಬಂದದ್ದು 1940ರ ದಶಕದಲ್ಲಿ. 1941ರ ಮುಷ್ಕರಗಳ ಬಿಸಿ ತಟ್ಟಿದ ಮೇಲೆ 1942ರಲ್ಲಿ ಮೈಸೂರು ಕಾರ್ಮಿಕ ಕಾಯಿದೆ ಬಂತು. ಆ ದಿನಗಳಲ್ಲಿ ಮಿಲ್ ಕಾರ್ಮಿಕರ ಪರ ನಿಂತವರಲ್ಲಿ ಕೆ.ಟಿ. ಭಾಷ್ಯಂ ಪ್ರಮುಖರು. ವಕೀಲರು, ಕಾಂಗ್ರೆಸ್ಸಿನವರು, ಜೈಲು ಕಂಡವರು. 1947ರಲ್ಲಿ ಕೆ.ಸಿ. ರೆಡ್ಡಿಯವರ ಮೊದಲ ಜನಪ್ರತಿನಿಧಿ ಮಂತ್ರಿಮಂಡಲದಲ್ಲಿ ಮಂತ್ರಿಯಾದರು. ರಾಜಾಜಿನಗರದ ಭಾಷ್ಯಂ ಸರ್ಕಲ್ಲಿನಲ್ಲಿ ದಿನಾ ಸಿಗ್ನಲ್ಲಿಗೆ ನಿಲ್ಲುವ ಸಾವಿರಾರು ಜನರಲ್ಲಿ ಆ ಹೆಸರು ಯಾರದೆಂದು ಕೇಳಿ ನೋಡಿ.

ರಾಜಾಜಿನಗರವೇ ಹಾಗೆ ಹುಟ್ಟಿದ್ದು. 1949ರಲ್ಲಿ ಅಡಿಗಲ್ಲು ಬಿದ್ದಾಗ ಅದನ್ನು ಕೈಗಾರಿಕಾ ಉಪನಗರ ಎಂದೇ ಕರೆದರು. ಕಾರ್ಖಾನೆ ಒಂದು ಕಡೆ, ಕಾರ್ಮಿಕನ ಮನೆ ನಡೆದು ಹೋಗುವಷ್ಟು ದೂರದಲ್ಲಿ, ನಡುವೆ ಶಾಲೆ, ಮೈದಾನ ಎಂಬ ಕನಸು ಅದು. ಸೋಪಿನ ಕಾರ್ಖಾನೆ, ಕಿರ್ಲೋಸ್ಕರ್, ಇಂಡಸ್ಟ್ರಿಯಲ್ ಎಸ್ಟೇಟಿನ ನೂರಾರು ಲೇತು, ಡ್ರಿಲ್ಲು ಶೆಡ್ಡುಗಳು. 1958ರಲ್ಲಿ ರಾಜ್ಯಕ್ಕೆ ಇಎಸ್‌ಐ ಯೋಜನೆ ಬಂತು. ಆಮೇಲೆ ಎದ್ದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಈ ಭಾಗದ ಜನರ ಬದುಕಿಗೆ ಎಷ್ಟು ದೊಡ್ಡದಾಯಿತೆಂಬುದನ್ನು ಹೊರಗಿನವರು ಊಹಿಸಲಾರರು. ಹತ್ತಿಯ ಧೂಳು ಕುಡಿದು ಕೆಮ್ಮುತ್ತಿದ್ದ ಅಪ್ಪನಿಗೆ ದಾನವಾಗಿ ಅಲ್ಲದೆ ಹಕ್ಕಾಗಿ ಔಷಧಿ ಸಿಕ್ಕಿದ್ದು ಅಲ್ಲಿ. ಮಿಲ್ಲಿನ ಮಕ್ಕಳು ಐಟಿಐ ಓದಿ ಕಾರ್ಖಾನೆ ಸೇರಿದರು. ಮೊಮ್ಮಕ್ಕಳು ವಿಜಯನಗರ, ಬಸವೇಶ್ವರನಗರದಲ್ಲಿ ಮೂವತ್ತು ನಲವತ್ತರ ಸೈಟು ಮಾಡಿದರು. ಎಲ್ಲರೂ ಅಲ್ಲ, ಕಾಯಂ ಕೆಲಸ ಸಿಕ್ಕವರ ಮನೆಯವರು.

ಹೀಗೆ ಬಂದವರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಒಂದು ದಲಿತ ಕುಟುಂಬವೂ ಇತ್ತು. ಆ ಮನೆಯ ಹುಡುಗ ಶ್ರೀರಾಮಪುರದಲ್ಲಿ ಬೆಳೆದ. ಮನೆಯಲ್ಲಿ ಓದಲು ಜಾಗವಿಲ್ಲದ್ದಕ್ಕೆ ಸ್ಮಶಾನದ ಗೋರಿಗಳ ನಡುವೆ ಹೋಗಿ ಕೂರುತ್ತಿದ್ದ. 1975ರಲ್ಲಿ ಅವನ ‘ಹೊಲೆಮಾದಿಗರ ಹಾಡು’ ಬಂದಾಗ ಕನ್ನಡ ಕಾವ್ಯ ಬೆಚ್ಚಿ ಎದ್ದು ಕೂತಿತು. ಆ ಹುಡುಗನೇ ಕವಿ ಸಿದ್ಧಲಿಂಗಯ್ಯ. ಅವರು ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2021ರ ಜೂನಿನಲ್ಲಿ ಕೊರೊನಾಕ್ಕೆ ತುತ್ತಾದರು. ಅವರ ಆತ್ಮಕತೆ ‘ಊರುಕೇರಿ’ ಓದಿದವರಿಗೆ ಶ್ರೀರಾಮಪುರ ಬೇರೆಯೇ ಆಗಿ ಕಾಣುತ್ತದೆ. ಸಿನಿಮಾದವರು ಈ ಹೆಸರಿಗೆ ಲಾಂಗು ಮಚ್ಚುಗಳನ್ನು ಅಂಟಿಸಿಬಿಟ್ಟಿದ್ದಾರೆ. ರೌಡಿಗಳು ಇರಲಿಲ್ಲವೆಂದಲ್ಲ. ಆದರೆ 1930ರಲ್ಲಿ ಹುಟ್ಟಿದ ದೀನ ಸೇವಾ ಸಂಘದ ಸೇವಾಶ್ರಮ ಇರುವುದೂ ಇದೇ ಶ್ರೀರಾಮಪುರದಲ್ಲಿ. ಒಂದು ಕೇರಿ ಕೊಟ್ಟ ಕವಿಯನ್ನು ಮರೆತು ರೌಡಿಯನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಅನ್ಯಾಯ.

ಇನ್ನೊಂದು ಹೆಸರು ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಪಾಠವಾಗಿದೆ. ಮಿನರ್ವ ಮಿಲ್ಲನ್ನು 1971ರಲ್ಲಿ ಕೇಂದ್ರ ಸರ್ಕಾರ ತನ್ನ ಆಡಳಿತಕ್ಕೆ ತೆಗೆದುಕೊಂಡಿತು, 1974ರ ಕಾಯಿದೆಯಿಂದ ರಾಷ್ಟ್ರೀಕರಣ ಮಾಡಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ನಾನಿ ಪಾಲ್ಕಿವಾಲ ವಾದಿಸಿದರು. ತುರ್ತುಪರಿಸ್ಥಿತಿಯಲ್ಲಿ ತಂದ 42ನೇ ತಿದ್ದುಪಡಿ ಸಂಸತ್ತಿಗೆ ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದುವ ಅಧಿಕಾರ ಕೊಟ್ಟಿತ್ತು. ಅದು ಸಲ್ಲದು, ಸಂವಿಧಾನದ ಮೂಲ ಸ್ವರೂಪವನ್ನು ಯಾರೂ ಮುಟ್ಟುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಪೀಠ 1980ರಲ್ಲಿ ಹೇಳಿತು. ಮಿಲ್ಲು ಮಾಲೀಕರಿಗೆ ಮರಳಲಿಲ್ಲ. ಕೊನೆಗೆ ಮಿಲ್ಲೇ ನಿಂತುಹೋಯಿತು. ತೀರ್ಪು ಉಳಿಯಿತು. ನಮ್ಮೆಲ್ಲರ ಸ್ವಾತಂತ್ರ್ಯಕ್ಕೆ ಕಾವಲಾಗಿ ನಿಂತ ತೀರ್ಪಿಗೆ ಮಾಗಡಿ ರಸ್ತೆಯ ಒಂದು ಬಟ್ಟೆ ಮಿಲ್ಲಿನ ಹೆಸರಿದೆ. ಇದನ್ನು ಹೇಳುವ ಒಂದು ಕಲ್ಲಾದರೂ ಆ ರಸ್ತೆಯಲ್ಲಿ ಇರಬೇಕು.

ಮಿಲ್ಲುಗಳು ಏಕೆ ಸತ್ತವು ಎಂಬುದಕ್ಕೆ ಕಾರಣ ಹಲವು. ಯಂತ್ರ ಹಳೆಯದಾಯಿತು, ಹೊಸದಕ್ಕೆ ಹಣ ಹಾಕಲಿಲ್ಲ, ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಸಿಕ್ಕಿತು. ನನ್ನ ಪ್ರಕಾರ ಕೊನೆಯ ಪೆಟ್ಟು ಬಿದ್ದದ್ದು ನೆಲದ ಬೆಲೆಯಿಂದ. ನಗರ ಬೆಳೆದು ಮಿಲ್ಲಿನ ಸುತ್ತ ಬಂದು ಕೂತ ಮೇಲೆ ಒಳಗೆ ನೇಯುವ ಬಟ್ಟೆಗಿಂತ ಕೆಳಗಿನ ಮಣ್ಣಿಗೆ ಬೆಲೆ ಹೆಚ್ಚಾಯಿತು. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಇದೆ. ಕಿರ್ಲೋಸ್ಕರ್ ಜಾಗದಲ್ಲಿ ಓರಾಯನ್ ಮಾಲ್. ಬಿನ್ನಿ ಮಿಲ್ಲಿನ ನೆಲದಲ್ಲಿ ಆಕಾಶಕ್ಕೆದ್ದ ಅಪಾರ್ಟ್‌ಮೆಂಟುಗಳು, ಅಲ್ಲೂ ಒಂದು ಮಾಲ್. ಮೂರು ಕಡೆ ಸೈರನ್ ಕೂಗುತ್ತಿದ್ದ ಜಾಗದಲ್ಲಿ ಈಗ ಮೂರು ಮಾಲುಗಳು.

ಮಿಲ್ಲು ಹೋದರೂ ಜನ ಎಲ್ಲೂ ಹೋಗಲಿಲ್ಲ. ಮನೆ ನಡೆಸುವ ಹೊರೆ ಗಂಡಸಿನ ಪಾಳಿಯಿಂದ ಹೆಂಗಸಿನ ಅಂಗೈಗೆ ಬಂತು. ಗೋಪಾಲಪುರ, ಬಿನ್ನಿಪೇಟೆಯ ಕಡೆ ಊದುಬತ್ತಿ ಹೊಸೆಯದ ಮನೆ ಒಂದು ಕಾಲಕ್ಕೆ ಅಪರೂಪ. ಇದ್ದಿಲ ಪುಡಿ, ಜಿಗಟಿನ ಪುಡಿ, ಮರದ ಹೊಟ್ಟು ಸೇರಿಸಿ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿಕೊಳ್ಳಬೇಕು. ಮುಂದೆ ಒಂದು ಮಣೆ. ಎಡಗೈಯಲ್ಲಿ ಬಿದಿರು ಕಡ್ಡಿ, ಬಲಗೈಯಲ್ಲಿ ಚಿಟಿಕೆ ಹಿಟ್ಟು. ಕಡ್ಡಿಯ ಮೇಲೆ ಹಿಟ್ಟಿಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ಉಜ್ಜಿದರೆ ಅದು ಕಡ್ಡಿಯುದ್ದಕ್ಕೂ ಹರಡಬೇಕು, ಬುಡದಲ್ಲಿ ಬೆರಳಗಲ ಬರಿದು ಬಿಡಬೇಕು. ಎಲ್ಲೂ ದಪ್ಪ ಆಗಬಾರದು, ದಪ್ಪ ಆದ ಕಡೆ ಆರಿಹೋಗುತ್ತದೆ. ಕೂಲಿ ಸಾವಿರದ ಲೆಕ್ಕದಲ್ಲಿ. ಮಾಲು ಕೊಟ್ಟವನೇ ಎಣಿಸಿ ತೆಗೆದುಕೊಳ್ಳುತ್ತಾನೆ, ಮುರಿದದ್ದು ಲೆಕ್ಕಕ್ಕಿಲ್ಲ. ಅಡುಗೆ, ನಲ್ಲಿ, ಮಗುವಿನ ಅಳು, ಎಲ್ಲದರ ನಡುವೆ ಸಂಜೆಯೊಳಗೆ ಸಾವಿರಗಳನ್ನು ಮುಗಿಸುವ ಕೈಗಳನ್ನು ನಾನು ನೋಡಿದ್ದೇನೆ. ಇದ್ದಿಲು ಗೆರೆಗೆರೆಯಲ್ಲಿ ಇಳಿದ ಆ ಅಂಗೈ ಎಷ್ಟು ತೊಳೆದರೂ ಬೆಳ್ಳಗಾಗುವುದಿಲ್ಲ. ಇಲ್ಲಿಂದ ಹೋಗುವ ಕಡ್ಡಿಗೆ ವಾಸನೆ ಇರುವುದಿಲ್ಲ. ಸುಗಂಧದ ಎಣ್ಣೆಯಲ್ಲಿ ಅದ್ದುವುದು ಕಾರ್ಖಾನೆಯಲ್ಲಿ. ಈಗ ಹೊಸೆಯುವ ಕೆಲಸವನ್ನೂ ಯಂತ್ರ ಕಿತ್ತುಕೊಂಡಿದೆ.

ಅವರ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋದರು. ಪೀಣ್ಯಕ್ಕೆ, ಮೈಸೂರು ರಸ್ತೆಗೆ ಬೆಳಗ್ಗೆ ಬುತ್ತಿ ಹಿಡಿದು ಓಡುವ ಆ ಸಾಲು ನೋಡಿದರೆ ಹಳೆಯ ಮಿಲ್ಲಿನ ಗೇಟೇ ನೆನಪಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಯಾವ ನಾಯಕನೂ ಕರೆಯದೆ ಬೀದಿಗಿಳಿದು ಬೆಂಗಳೂರನ್ನು ಎರಡು ದಿನ ನಿಲ್ಲಿಸಿದವರು ಈ ಹೆಣ್ಣುಮಕ್ಕಳೇ. ಕೇಂದ್ರ ಸರ್ಕಾರ ನಿಯಮವನ್ನು ವಾಪಸು ತೆಗೆದುಕೊಂಡಿತು.

ಒಂದು ಕಹಿಯನ್ನು ಬಿಡುವಂತಿಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾದ ಹೊತ್ತಿಗೆ ಈ ಕೇರಿಗಳಲ್ಲಿ ಬೆಂಕಿ ಬಿತ್ತು. ಮೂರು ತಲೆಮಾರಿನಿಂದ ಒಂದೇ ನಲ್ಲಿಯಲ್ಲಿ ನೀರು ಹಿಡಿದವರ ಗುಡಿಸಲು ಮನೆಮಾತು ತಮಿಳೆಂಬ ಕಾರಣಕ್ಕೆ ಸುಟ್ಟವು. ಜೀವಗಳು ಹೋದವು. 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕಾವೇರಿಯ ಹೆಸರಲ್ಲೇ ಕೆಂಗೇರಿ ದಿಕ್ಕಿನಲ್ಲಿ ಹತ್ತಾರು ಬಸ್ಸುಗಳು ಉರಿದವು. ನೀರಿನ ಹಕ್ಕಿಗಾಗಿ ಕೇಳುವುದು ಬೇರೆ, ನೀರು ಹಂಚಿಕೊಂಡು ಬಾಳಿದ ಬಡವನ ಮನೆಗೆ ಬೆಂಕಿ ಇಡುವುದು ಬೇರೆ. ಕನ್ನಡದ ಹೆಸರಲ್ಲಿ ಅದು ನಡೆದದ್ದಕ್ಕೆ ಕನ್ನಡದಲ್ಲಿ ಬರೆಯುವ ನನಗೆ ಇವತ್ತಿಗೂ ತಲೆ ತಗ್ಗುತ್ತದೆ.

2014ರಲ್ಲಿ ಶ್ರೀರಾಮಪುರಕ್ಕೆ, 2015ರಲ್ಲಿ ಮಾಗಡಿ ರಸ್ತೆಗೆ, 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ವಠಾರ ಒಡೆದು ನಾಲ್ಕು ಮಹಡಿ ಕಟ್ಟಿದರು, ಒಂದೊಂದು ಮಹಡಿಗೆ ಎರಡೆರಡು ಸಣ್ಣ ಮನೆ. ಅವುಗಳಿಗೆ ಈಗ ರಾಯಚೂರು, ಯಾದಗಿರಿಯ ಗಾರೆ ಕೆಲಸದವರು ಬರುತ್ತಾರೆ. ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು ಐದಾರು ಮಂದಿ ಸೇರಿ ಒಂದು ಕೋಣೆ ಹಿಡಿಯುತ್ತಾರೆ. ಹಗಲು ಪಾಳಿಯವನ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಾನೆ. ಬಾಡಿಗೆ ಕೇಳುವ ಮನೆಯೊಡತಿ ಬಿನ್ನಿ ಮಿಲ್ಲಿನ ಬದಲಿ ಕಾರ್ಮಿಕನ ಮೊಮ್ಮಗಳೂ ಆಗಿರಬಹುದು. ತನ್ನ ತಾತನೂ ಹೀಗೇ ಗಂಟು ಹಿಡಿದು ಬಂದವನೆಂದು ಅವಳಿಗೆ ನೆನಪಿದ್ದರೆ ಆ ಹುಡುಗರಿಗೆ ಮನೆ ಸಿಗುವುದು ಸ್ವಲ್ಪ ಸುಲಭವಾದೀತು.

ಆ ನೆನಪು ಉಳಿಯುವುದಕ್ಕಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಮಿಲ್ಲಿನ ಗೇಟ್ ಪಾಸು, ಬಟವಾಡೆ ಚೀಟಿ, ಸಂಘದ ಚಂದಾ ರಸೀದಿ, ಇಎಸ್‌ಐ ಪುಸ್ತಕ, ಪಾಳಿಯವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಒಂದು ಫೋಟೊ ಇದ್ದರೆ ಹಳೇ ಪೇಪರಿನವನಿಗೆ ಹಾಕಬೇಡಿ. ಹಿಂಬದಿಯಲ್ಲಿ ಯಾರು, ಯಾವ ಊರಿನಿಂದ ಬಂದವರು, ಯಾವ ಮಿಲ್ಲು, ಯಾವ ವರ್ಷ ಎಂದು ಬರೆದಿಡಿ. ಮಿಲ್ಲಿನಲ್ಲಿ ದುಡಿದ ತಾತ, ಅಜ್ಜಿ ಇನ್ನೂ ಇದ್ದರೆ ಈ ಭಾನುವಾರವೇ ಅವರ ಪಕ್ಕ ಕೂತು ಕೇಳಿ.